ಶಾಲೆಯ ಏಡ್ ಕೆಲಸದಿಂದ ಟೀಚರ್ ಹುದ್ದೆಗೆ: ಅಮೆರಿಕದಲ್ಲಿ ಯಾವ ಧನಸಹಾಯ ಯಾರಿಗೆ ಸರಿ?

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಏಡ್ ಅಥವಾ ಪ್ಯಾರಾ ಆಗಿ, ಅಂದರೆ ಕ್ಲಾಸಿನಲ್ಲಿ ಟೀಚರ್‌ಗೆ ನೆರವಾಗುವ ಸಹಾಯಕರಾಗಿ, ದುಡಿಯುವ ಕನ್ನಡಿಗರು, ಅದರಲ್ಲೂ ಹೆಣ್ಣುಮಕ್ಕಳು, ಈಗ ಕಮ್ಮಿಯೇನಿಲ್ಲ. ಇಎಡಿ, ಅಂದರೆ ಕೆಲಸದ ಪರವಾನಗಿ, ಕೈಗೆ ಬಂದ ಮೇಲೆ ಹಲವರು ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಕೆಲಸಕ್ಕೇ ಅರ್ಜಿ ಹಾಕುತ್ತಾರೆ. ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೇ ಕೆಲಸ, ಅವರಿಗೆ ರಜೆ ಇದ್ದಾಗ ನಮಗೂ ರಜೆ. ಅನುಕೂಲವೇ. ಆದರೆ ಒಂದೆರಡು ವರ್ಷ ಕಳೆದ ಮೇಲೆ ಸಂಬಳದ ಲೆಕ್ಕ ಕಾಡಲು ಶುರುವಾಗುತ್ತದೆ. ಇಡೀ ದೇಶದ ಲೆಕ್ಕ ತೆಗೆದರೆ ಏಡ್ ಒಬ್ಬರ ನಡುಮಟ್ಟದ ಸಂಬಳ ವರ್ಷಕ್ಕೆ ಸುಮಾರು 35 ಸಾವಿರ ಡಾಲರ್. ಪ್ರೈಮರಿ ಟೀಚರ್‌ಗೆ ಅದು 60 ಸಾವಿರ ದಾಟುತ್ತದೆ. ಇಬ್ಬರೂ ಇರುವುದು ಒಂದೇ ಕ್ಲಾಸಿನಲ್ಲಿ.

ಏಡ್ ಆಗಿರುವವರನ್ನೇ ಓದಿಸಿ ಟೀಚರ್ ಮಾಡುವ ಯೋಜನೆಗಳು ಹಲವು ರಾಜ್ಯಗಳಲ್ಲಿವೆ. ಟೀಚರುಗಳ ಕೊರತೆ ಇರುವುದರಿಂದ, ಸ್ಪೆಷಲ್ ಎಜುಕೇಶನ್‌ನಲ್ಲಂತೂ (ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ) ತುಂಬಾನೇ ಇರುವುದರಿಂದ, ಡಿಸ್ಟ್ರಿಕ್ಟ್‌ಗಳಿಗೂ ಇದು ಬೇಕು. ಕ್ಲಾಸು ಹೇಗಿರುತ್ತದೆ ಎಂದು ಗೊತ್ತಿರುವವರು ನಡುವೆ ಬಿಟ್ಟು ಓಡುವುದಿಲ್ಲ ಎಂಬ ನಂಬಿಕೆ ಅವರದು.

ಯೋಜನೆಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ನೋಡುವುದು ಎಷ್ಟು ಡಾಲರ್ ಕೊಡುತ್ತಾರೆ ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಮೊದಲನೆಯದು, ಸ್ಟೂಡೆಂಟ್ ಟೀಚಿಂಗ್ (ಕ್ಲಾಸಿನಲ್ಲಿ ಪಾಠ ಮಾಡಿ ಕಲಿಯುವ ತರಬೇತಿ) ಮಾಡುವ ತಿಂಗಳುಗಳಲ್ಲಿ ನಿಮ್ಮ ಸಂಬಳ ನಿಲ್ಲುತ್ತದೆಯೇ? ಎರಡನೆಯದು, ಹಣ ಪಡೆದಿದ್ದಕ್ಕೆ ಎಷ್ಟು ವರ್ಷ, ಎಲ್ಲಿ ದುಡಿದು ತೀರಿಸಬೇಕು?

ಮೊದಲ ಪ್ರಶ್ನೆ ಯಾಕೆ ದೊಡ್ಡದು ನೋಡಿ. ಟೀಚರ್ ಸರ್ಟಿಫಿಕೇಟ್ ಬೇಕೆಂದರೆ ಕ್ಲಾಸಿನಲ್ಲಿ ನಿಂತು ಪಾಠ ಮಾಡುವ ತರಬೇತಿ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಇದು 600 ಗಂಟೆ. ಮಾಮೂಲಿ ದಾರಿಯಲ್ಲಿ ಇದಕ್ಕೆ ಸಂಬಳವಿಲ್ಲ, ನಡೆಯುವುದೂ ಹಗಲು ಹೊತ್ತಿನಲ್ಲೇ. ಅಂದರೆ ಏಡ್ ಕೆಲಸ ಬಿಡಬೇಕು, ಇಲ್ಲವೇ ಸಂಬಳವಿಲ್ಲದ ರಜೆ ಹಾಕಬೇಕು. ತಿಂಗಳಿಗೆ 3,500 ಡಾಲರ್ ಬರುತ್ತಿದ್ದರೆ ನಾಲ್ಕು ತಿಂಗಳಿಗೆ 14,000 ಹೋಯಿತು. ಮನೆಯವರ ಹೆಲ್ತ್ ಇನ್ಶೂರೆನ್ಸ್ ನಿಮ್ಮ ಕೆಲಸದ ಮೇಲೆ ನಿಂತಿದ್ದರೆ ಅದೂ ಹೋಯಿತು. ಇದರ ಮುಂದೆ ನಾಲ್ಕೈದು ಸಾವಿರದ ಫೀಸು ಸಹಾಯ ಯಾವ ಲೆಕ್ಕ? ಕೋರ್ಸೆಲ್ಲ ಮುಗಿಸಿ ಈ ಕೊನೆಯ ಹಂತದಲ್ಲಿ ನಿಂತುಹೋಗುವವರು ಇದೇ ಕಾರಣಕ್ಕೆ ನಿಲ್ಲುತ್ತಾರೆ.

ಮೊದಲು ನಿಮ್ಮ ಡಿಗ್ರಿ, ನಿಮ್ಮ ವೀಸಾ

ಈ ಯೋಜನೆಗಳಲ್ಲಿ ಎರಡು ಬಗೆ. ಡಿಗ್ರಿ ಇಲ್ಲದ ಏಡ್‌ಗಳಿಗೆ ಬ್ಯಾಚುಲರ್ಸ್ ಕೊಡಿಸುವಂಥವು ಒಂದು ಬಗೆ. ಡಿಗ್ರಿ ಇದ್ದವರಿಗೆ ಬರೀ ಸರ್ಟಿಫಿಕೇಟ್ ಕೊಡಿಸುವಂಥವು ಇನ್ನೊಂದು. ನಮ್ಮವರಲ್ಲಿ ಹೆಚ್ಚಿನವರು ಊರಲ್ಲಿ ಬಿ.ಎಸ್ಸಿ., ಬಿ.ಕಾಂ., ಬಿ.ಇ. ಮುಗಿಸಿಯೇ ಬಂದಿರುತ್ತಾರೆ. ಹಾಗಾಗಿ ಎರಡನೆಯದೇ ಬೇಕು. ಆದರೆ ಮೂರು ವರ್ಷದ ಡಿಗ್ರಿಯಲ್ಲಿ ಒಂದು ತೊಡಕಿದೆ. ಇಲ್ಲಿನ ಬ್ಯಾಚುಲರ್ಸ್ ನಾಲ್ಕು ವರ್ಷದ್ದು. ಡಿಗ್ರಿ ತೂಗಿ ನೋಡುವ ಸಂಸ್ಥೆಗಳಲ್ಲಿ ಕೆಲವು ಮೂರು ವರ್ಷದ್ದನ್ನು ಸರಿಸಮ ಎನ್ನುತ್ತವೆ, ಕೆಲವು ಒಂದು ವರ್ಷ ಕಡಿಮೆ ಎನ್ನುತ್ತವೆ. ಇಂಥದೊಂದು ಸಂಸ್ಥೆಯಾದ ಡಬ್ಲ್ಯೂಇಎಸ್ ಆದರೆ, ಭಾರತದ ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ 'ಎ' ಗ್ರೇಡ್ ಇದ್ದ ಸಂಸ್ಥೆಯ ಮೂರು ವರ್ಷದ ಡಿಗ್ರಿಯನ್ನು, ಒಳ್ಳೆಯ ಕ್ಲಾಸ್ ಇದ್ದರೆ, ಪೂರ್ತಿ ಬ್ಯಾಚುಲರ್ಸ್ ಎಂದು ಒಪ್ಪುತ್ತದೆ. ಬಿ.ಎಸ್ಸಿ. ಮೇಲೆ ಎಂ.ಎಸ್ಸಿ. ಮಾಡಿದವರಿಗೆ ಈ ತಲೆನೋವು ಕಡಿಮೆ. ಯಾವ ಸಂಸ್ಥೆಯ ವರದಿಯನ್ನು ನಿಮ್ಮ ರಾಜ್ಯ ಒಪ್ಪುತ್ತದೆ ಎಂದು ಪಟ್ಟಿ ನೋಡಿಯೇ ದುಡ್ಡು ಕಟ್ಟಿ. ಕ್ಯಾಲಿಫೋರ್ನಿಯಾದ ಟೀಚರ್ ಕ್ರೆಡೆನ್ಶಿಯಲಿಂಗ್ ಕಮಿಷನ್‌ಗೆ ತನ್ನದೇ ಪಟ್ಟಿ ಇದೆ. ಊರಲ್ಲಿ ಬಿ.ಎಡ್. ಆಗಿದ್ದರೆ ಅದನ್ನೂ ಸೇರಿಸಿ ಕಳಿಸಿ. ಬಿ.ಎಡ್. ಇದೆ ಅಂತ ನೇರವಾಗಿ ಸರ್ಟಿಫಿಕೇಟ್ ಕೈಗೆ ಬರುವುದಿಲ್ಲ, ಆದರೆ ಕೆಲವು ಕೋರ್ಸುಗಳು ಉಳಿಯಬಹುದು.

ಡಿಗ್ರಿ ಇರುವುದರಿಂದ ಒಂದು ಬಾಗಿಲು ಮುಚ್ಚುತ್ತದೆ ಎಂಬುದೂ ಗೊತ್ತಿರಲಿ. ಪೆಲ್ ಗ್ರಾಂಟ್ ಮೊದಲ ಬ್ಯಾಚುಲರ್ಸ್‌ಗೆ ಕೇಂದ್ರ ಸರ್ಕಾರ ಕೊಡುವ ಹಣ. ಡಿಗ್ರಿ ಬೇರೆ ದೇಶದ್ದಾದರೂ ಅದನ್ನು ಡಿಗ್ರಿ ಎಂದೇ ಎಣಿಸುತ್ತಾರೆ. ಡಿಗ್ರಿಯ ನಂತರದ ಕೆಲವು ಟೀಚರ್ ಕೋರ್ಸುಗಳಿಗೆ ವಿನಾಯಿತಿ ಇದೆ, ಆದರೆ ಅದು ಅಪರೂಪ. 'ಮತ್ತೆ ಬ್ಯಾಚುಲರ್ಸ್ ಮಾಡಿಬಿಡೋಣ, ಪೆಲ್ ಸಿಗುತ್ತೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ವೀಸಾ. ಫಾಫ್ಸಾ ಎಂಬ ಅರ್ಜಿ ತುಂಬಿ ಪಡೆಯುವ ಕೇಂದ್ರದ ಸಹಾಯ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ. ಎಚ್4 ಇಎಡಿ (ಎಚ್1ಬಿ ಉದ್ಯೋಗಿಯ ಗಂಡ ಅಥವಾ ಹೆಂಡತಿಗೆ ಸಿಗುವ ಪರವಾನಗಿ) ಮೇಲಿರುವವರಿಗೆ ಅದು ಇಲ್ಲ. ಅವರಿಗೆ ಉಳಿಯುವುದು ಉದ್ಯೋಗಿ ಎಂಬ ಕಾರಣಕ್ಕೆ ಸಿಗುವ ಸಹಾಯ. ಡಿಸ್ಟ್ರಿಕ್ಟ್‌ನದು, ಯೂನಿಯನ್‌ನದು, ಕೆಲವು ಕಡೆ ರಾಜ್ಯದ್ದು.

ಡಿಸ್ಟ್ರಿಕ್ಟ್ ಫೀಸು ವಾಪಸ್ ಕೊಡುವುದು

ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಚಿಕ್ಕ ಸಹಾಯ ಇದು. ನೀವು ಫೀಸು ಕಟ್ಟಿ ಓದುತ್ತೀರಿ. ಒಳ್ಳೆ ಗ್ರೇಡ್ ಬಂದರೆ ಡಿಸ್ಟ್ರಿಕ್ಟ್ ಒಂದಿಷ್ಟು ವಾಪಸ್ ಕೊಡುತ್ತದೆ. ಉದ್ಯೋಗದಾತರು ವಿದ್ಯಾಭ್ಯಾಸಕ್ಕೆ ಕೊಡುವ ಹಣಕ್ಕೆ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಬಹಳ ಕಡೆ ಸಹಾಯದ ಮಿತಿಯನ್ನೂ ಇದರೊಳಗೇ ಇಟ್ಟಿರುತ್ತಾರೆ. ಒಳ್ಳೆಯದೇನೆಂದರೆ ವೀಸಾ ಯಾವುದು ಅಂತ ಸಾಮಾನ್ಯವಾಗಿ ಕೇಳುವುದಿಲ್ಲ, ಕರಾರು ಇದ್ದರೂ ಸಣ್ಣದು. ಕೆಟ್ಟದ್ದು, ಮೊದಲು ಕೈಯಿಂದ ಹಾಕಬೇಕು. ಸ್ಟೂಡೆಂಟ್ ಟೀಚಿಂಗ್ ಬಗ್ಗೆ ಇದರಲ್ಲಿ ಒಂದು ಮಾತೂ ಇರುವುದಿಲ್ಲ. ಇನ್ಯಾವುದೂ ಸಿಗದಿದ್ದರೆ ಮಾತ್ರ ಇದು.

ರಾಜ್ಯದ ಹಣ

ಕ್ಯಾಲಿಫೋರ್ನಿಯಾದಲ್ಲಿ ಹುಡುಕಬೇಕಾದ ಹೆಸರು ಕ್ಲಾಸಿಫೈಡ್ ಸ್ಕೂಲ್ ಎಂಪ್ಲಾಯೀ ಟೀಚರ್ ಕ್ರೆಡೆನ್ಶಿಯಲಿಂಗ್ ಪ್ರೋಗ್ರಾಂ. 2016ರಲ್ಲಿ 20 ಮಿಲಿಯನ್ ಡಾಲರ್‌ನಿಂದ ಶುರುವಾಯಿತು. ಆಗ ಒಬ್ಬರಿಗೆ ವರ್ಷಕ್ಕೆ 4,000. 2021ರಲ್ಲಿ 125 ಮಿಲಿಯನ್ ಬಂದಾಗ ಅದು 4,800 ಆಯಿತು, ಐದು ವರ್ಷದವರೆಗೆ. ಹೆಸರಿನಲ್ಲಿ 'ಕ್ಲಾಸಿಫೈಡ್' ಅಂದರೆ ಟೀಚರ್ ಅಲ್ಲದ ಎಲ್ಲ ಸಿಬ್ಬಂದಿ. ಏಡ್ ಮಾತ್ರ ಅಲ್ಲ, ಶಾಲೆಯ ಅಡುಗೆಮನೆಯವರು, ಆಫೀಸಿನವರು, ಬಸ್ ಡ್ರೈವರ್‌ಗಳೂ ಸೇರುತ್ತಾರೆ. ಫೀಸು, ಪುಸ್ತಕ, ಪರೀಕ್ಷೆಯ ಖರ್ಚಿಗೆ ಬಳಸಬಹುದು. ರಾಜ್ಯದ ವಿಶ್ವವಿದ್ಯಾಲಯ ಕ್ಯಾಲ್ ಸ್ಟೇಟ್‌ನ ಕ್ರೆಡೆನ್ಶಿಯಲ್ (ಟೀಚರ್ ಸರ್ಟಿಫಿಕೇಟ್) ಕೋರ್ಸಿಗೆ ವರ್ಷಕ್ಕೆ ಏಳೆಂಟು ಸಾವಿರ ಟ್ಯೂಶನ್ ಫೀಸು ಆಗುತ್ತದೆ, ಕ್ಯಾಂಪಸ್ ಫೀಸು ಬೇರೆ. ಅಂದರೆ ಅರ್ಧಕ್ಕಿಂತ ಜಾಸ್ತಿ ಇದರಲ್ಲೇ ಮುಗಿಯುತ್ತದೆ. ಕರಾರು ನ್ಯಾಯವಾಗಿದೆ: ಎಷ್ಟು ವರ್ಷ ಹಣ ಪಡೆದಿರೋ ಅಷ್ಟು ವರ್ಷ ಅದೇ ಡಿಸ್ಟ್ರಿಕ್ಟ್‌ನಲ್ಲಿ ಟೀಚರ್ ಆಗಿರಬೇಕು.

ಎರಡು ಎಚ್ಚರಿಕೆ. ಈ ಹಣ ನೇರವಾಗಿ ನಿಮಗೆ ಬರುವುದಿಲ್ಲ. ಡಿಸ್ಟ್ರಿಕ್ಟ್ ಅಥವಾ ಕೌಂಟಿ ಆಫೀಸು ಅರ್ಜಿ ಹಾಕಿ ಸೀಟುಗಳನ್ನು ಪಡೆದಿರಬೇಕು. ಪಕ್ಕದ ಊರಿನಲ್ಲಿ ಇದೆ, ನಿಮ್ಮಲ್ಲಿ ಇಲ್ಲ ಎಂಬುದು ಮಾಮೂಲು. ಎರಡನೆಯದು, 2021ರ ಹಣ ಐದು ವರ್ಷದ ಲೆಕ್ಕದ್ದು. 'ಈ ವರ್ಷ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದೀರಾ, ನನ್ನ ಕೋರ್ಸ್ ಮುಗಿಯುವವರೆಗೆ ಹಣ ಇರುತ್ತಾ' ಎಂದು ನೇರವಾಗಿ ಕೇಳಿ. ಇದು ಫಾಫ್ಸಾ ಮೂಲಕ ಬರುವ ಹಣವಲ್ಲ. ಆದ್ದರಿಂದ ಎಚ್4 ಇಎಡಿ ಇದ್ದವರೂ ಸಂಕೋಚ ಬಿಟ್ಟು ಎಚ್‌ಆರ್‌ನವರನ್ನು ವಿಚಾರಿಸಬೇಕು.

ಸಿಯಾಟಲ್ ಕಡೆ, ಅಂದರೆ ರೆಡ್ಮಂಡ್, ಬಾಥೆಲ್ ಸುತ್ತ ಇರುವವರಿಗೆ ವಾಷಿಂಗ್ಟನ್ ರಾಜ್ಯದ 'ಆಲ್ಟರ್ನೇಟಿವ್ ರೂಟ್ಸ್' ಚೆನ್ನಾಗಿ ಒದಗುತ್ತದೆ. ಅಲ್ಲಿ ಏಡ್‌ಗೆ ಪ್ಯಾರಾಎಜುಕೇಟರ್ ಅನ್ನುತ್ತಾರೆ. ರೂಟ್ 1 ಡಿಗ್ರಿ ಇಲ್ಲದ ಸಿಬ್ಬಂದಿಗೆ, ರೂಟ್ 2 ಬ್ಯಾಚುಲರ್ಸ್ ಇರುವ ಸಿಬ್ಬಂದಿಗೆ. ನಮ್ಮವರಿಗೆ ರೂಟ್ 2. ಶಾಲೆಯಲ್ಲಿ ಕೆಲಸ ಮಾಡುತ್ತಲೇ ಓದುವವರನ್ನು ಕಣ್ಣಮುಂದೆ ಇಟ್ಟುಕೊಂಡೇ ಮಾಡಿದ ದಾರಿ ಇದು. ಇದರ ಜೊತೆಗಿರುವ ಧನಸಹಾಯ ಮಾತ್ರ ಷರತ್ತಿನದು. ಹೆಸರು ಸ್ಕಾಲರ್‌ಶಿಪ್, ಒಳಗೆ ಸಾಲ. ವಾಷಿಂಗ್ಟನ್ನಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದರೆ ಮನ್ನಾ, ಇಲ್ಲದಿದ್ದರೆ ಬಡ್ಡಿ ಸಮೇತ ವಾಪಸ್.

ಟೆಕ್ಸಸ್‌ನಲ್ಲಿ ಎಜುಕೇಶನಲ್ ಏಡ್ ಎಕ್ಸೆಂಪ್ಶನ್ ಅಂತ ಒಂದಿದೆ. ಏಡ್ ಆಗಿ ಕೆಲಸ ಮಾಡಿದ ಅನುಭವ ಮತ್ತು ಹಣಕಾಸಿನ ಅಗತ್ಯ ತೋರಿಸಿದ ರಾಜ್ಯವಾಸಿಗಳಿಗೆ ಸರ್ಕಾರಿ ಕಾಲೇಜಿನ ಫೀಸಿನಲ್ಲಿ ವಿನಾಯಿತಿ. ಗಂಡನಿಗೆ ಐಟಿ ಸಂಬಳ ಬರುವ ಮನೆಗಳಿಗೆ 'ಹಣಕಾಸಿನ ಅಗತ್ಯ' ಎಂಬಲ್ಲೇ ಇದು ಕೈತಪ್ಪುತ್ತದೆ. ಫ್ರಿಸ್ಕೊ, ಪ್ಲೇನೊ ಕಡೆಯವರು ಇದಕ್ಕೆ ಸುಮ್ನೆ ಕಾಯುವ ಬದಲು ಮುಂದೆ ಹೇಳುವ ಇಂಟರ್ನ್ ದಾರಿ ನೋಡುವುದು ಮೇಲು.

ನ್ಯೂಯಾರ್ಕ್ ನಗರ: ಯೂನಿಯನ್ ಗಳಿಸಿಕೊಟ್ಟದ್ದು

ಈ ಕತೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1960ರ ದಶಕದಲ್ಲಿ ನ್ಯೂಯಾರ್ಕ್‌ನ ಶಾಲೆಗಳು ಆಯಾ ಬಡಾವಣೆಯ ತಾಯಂದಿರನ್ನೇ ಏಡ್‌ಗಳಾಗಿ ತೆಗೆದುಕೊಂಡವು. ಹೆಚ್ಚಿನವರು ಕಪ್ಪು ಮತ್ತು ಪೋರ್ಟೊರಿಕೊ ಮೂಲದ ಹೆಂಗಸರು. ಸಂಬಳ ತೀರಾ ಕಡಿಮೆ. ವೆಲ್ಮಾ ಹಿಲ್ ಎಂಬ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಇವರನ್ನು ಸಂಘಟಿಸಿದರು. 1969ರಲ್ಲಿ ಅವರು ಟೀಚರುಗಳ ಯೂನಿಯನ್ ಯುಎಫ್‌ಟಿಯನ್ನು ಆರಿಸಿಕೊಂಡರು. 1970ರ ಒಪ್ಪಂದದಲ್ಲಿ ಸಂಬಳ ಏರಿದ್ದಷ್ಟೇ ಅಲ್ಲ, ಓದಿ ಟೀಚರ್ ಆಗುವ ಮೆಟ್ಟಿಲೂ ಸೇರಿತು. ನಗರದ ವಿಶ್ವವಿದ್ಯಾಲಯ ಕ್ಯೂನಿಯಲ್ಲಿ ಸಾವಿರಾರು ಏಡ್‌ಗಳು ಓದಿದರು. ಆ ಮೆಟ್ಟಿಲು ಕರಿಯರ್ ಟ್ರೈನಿಂಗ್ ಪ್ರೋಗ್ರಾಂ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಸೆಮಿಸ್ಟರ್‌ಗೆ 6 ಕ್ರೆಡಿಟ್‌ವರೆಗಿನ ಫೀಸು ಅದರಲ್ಲಿ ಸಿಗುತ್ತದೆ.

ಹೋಲಿಕೆಗೆ ಬಂದರೆ ಇದರ ಬಲ ಇರುವುದು ಭದ್ರತೆಯಲ್ಲಿ. ಒಪ್ಪಂದದಲ್ಲಿ ಬರೆದಿಟ್ಟದ್ದು ಪ್ರತಿ ವರ್ಷದ ಬಜೆಟ್ಟಿಗೆ ನಡುಗುವುದಿಲ್ಲ. ದೌರ್ಬಲ್ಯ ವೇಗದಲ್ಲಿ. ಸೆಮಿಸ್ಟರ್‌ಗೆ 6 ಕ್ರೆಡಿಟ್‌ನ ಲೆಕ್ಕದಲ್ಲಿ 120 ಕ್ರೆಡಿಟ್‌ನ ಬ್ಯಾಚುಲರ್ಸ್ ಮಾಡಲು ವರ್ಷಗಟ್ಟಲೆ ಬೇಕು. ಊರಿನ ಡಿಗ್ರಿಗೆ ಕ್ರೆಡಿಟ್ ಸಿಕ್ಕಿ, ಉಳಿದದ್ದು ಸ್ವಲ್ಪವೇ ಆದರೆ ಒಳ್ಳೆಯದೇ.

ಅಪ್ರೆಂಟಿಸ್‌ಶಿಪ್ ಮತ್ತು ರೆಸಿಡೆನ್ಸಿ

ನನ್ನ ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡುವವು ಇವೆರಡೇ. ಮೊದಲು ಅಪ್ರೆಂಟಿಸ್‌ಶಿಪ್. ಎಲೆಕ್ಟ್ರಿಷಿಯನ್, ಪ್ಲಂಬರ್ ಕೆಲಸ ಕಲಿಸುವ ಕ್ರಮವನ್ನೇ ಟೀಚರ್ ಕೆಲಸಕ್ಕೂ ತಂದರು. 2022ರ ಜನವರಿಯಲ್ಲಿ ಟೆನೆಸ್ಸಿ ಇದಕ್ಕೆ ಕೇಂದ್ರ ಕಾರ್ಮಿಕ ಇಲಾಖೆಯ ಒಪ್ಪಿಗೆ ಪಡೆದ ಮೊದಲ ರಾಜ್ಯವಾಯಿತು. ಶುರುವಾದದ್ದು ಕ್ಲಾರ್ಕ್ಸ್‌ವಿಲ್-ಮಾಂಟ್ಗೊಮೆರಿ ಕೌಂಟಿಯ ಶಾಲೆಗಳು ಮತ್ತು ಆಸ್ಟಿನ್ ಪೀ ವಿಶ್ವವಿದ್ಯಾಲಯ ಸೇರಿ ನಡೆಸುತ್ತಿದ್ದ ಕಾರ್ಯಕ್ರಮದಿಂದ. ಹಗಲು ಏಡ್ ಕೆಲಸ, ಅದಕ್ಕೆ ಸಂಬಳ. ಸಂಜೆ ಕಾಲೇಜು, ಅದಕ್ಕೆ ಫೀಸು ಇಲ್ಲ. ಅನುಭವಿ ಟೀಚರ್ ಒಬ್ಬರ ಕೈಕೆಳಗೆ ನೀವು ಕ್ಲಾಸಿನಲ್ಲಿ ಕಳೆಯುವ ಹೊತ್ತೇ ತರಬೇತಿ ಎಂದು ಎಣಿಕೆಯಾಗುತ್ತದೆ. ಆಮೇಲೆ ಹತ್ತಾರು ರಾಜ್ಯಗಳು ಇದೇ ದಾರಿ ಹಿಡಿದವು.

ಆದರೆ ಇವುಗಳಲ್ಲಿ ಹೆಚ್ಚಿನವು ಬ್ಯಾಚುಲರ್ಸ್ ಇಲ್ಲದವರಿಗೆಂದೇ ರೂಪಿಸಿದವು. ಡಿಗ್ರಿ ಇರುವವರಿಗೆ ಜಾಗ ಇದೆಯೇ ಎಂದು ಕೇಳಬೇಕು. 'ಅಪ್ರೆಂಟಿಸ್‌ಶಿಪ್' ಎಂದು ಹೆಸರಿಟ್ಟು ಕೊನೆಯ ಸೆಮಿಸ್ಟರ್‌ನಲ್ಲಿ ಸಂಬಳ ನಿಲ್ಲಿಸಿದರೆ ಅದು ಬರೀ ಬೋರ್ಡು, ಅಲ್ವಾ? ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿತವೇ ಎಂದು ವಿಚಾರಿಸಿ. ನೋಂದಾಯಿತವಾಗಿದ್ದರೆ ಸಂಬಳ, ಅದರ ಏರಿಕೆ, ಕನಿಷ್ಠ 2,000 ಗಂಟೆಗಳ ಕೆಲಸದ ಕಲಿಕೆ, ಇವೆಲ್ಲ ಬರಹದಲ್ಲಿರುತ್ತವೆ.

ರೆಸಿಡೆನ್ಸಿ ಡಿಗ್ರಿ ಇದ್ದವರದು. ಒಂದು ಇಡೀ ವರ್ಷ ಅನುಭವಿ ಟೀಚರ್ ಜೊತೆ ಕ್ಲಾಸಿನಲ್ಲಿರುತ್ತೀರಿ, ಜೊತೆಗೆ ಕೋರ್ಸು. ಬಾಸ್ಟನ್‌ನಲ್ಲಿ 2003ರಲ್ಲಿ ಶುರುವಾದದ್ದು ಹಳೆಯವುಗಳಲ್ಲಿ ಒಂದು. ಬರುವುದು ಸಂಬಳವಲ್ಲ, ಸ್ಟೈಪೆಂಡ್. ಏಡ್ ಸಂಬಳಕ್ಕಿಂತ ಕಡಿಮೆ ಇರಬಹುದು, ಹೆಲ್ತ್ ಇನ್ಶೂರೆನ್ಸ್ ಇಲ್ಲದಿರಬಹುದು. ತರಬೇತಿಯ ಗುಣಮಟ್ಟದಲ್ಲಿ ಮಾತ್ರ ಇದಕ್ಕೆ ಸಾಟಿ ಕಡಿಮೆ. ಅಪಾಯ ಹಣದ ಮೂಲದಲ್ಲಿದೆ. 2025ರ ಫೆಬ್ರವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಟೀಚರ್ ತರಬೇತಿಯ ಹಲವು ಅನುದಾನಗಳನ್ನು ನಡುವೆಯೇ ನಿಲ್ಲಿಸಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಸದ್ಯಕ್ಕೆ ಅದಕ್ಕೆ ಅವಕಾಶ ಕೊಟ್ಟಿತು. ಆ ಹಣ ನಂಬಿದ್ದ ರೆಸಿಡೆನ್ಸಿಗಳು ಪೇಚಿಗೆ ಸಿಕ್ಕಿದವು. ಸೇರುವ ಮುಂಚೆ ಸ್ಟೈಪೆಂಡ್ ಯಾರ ಕಿಸೆಯಿಂದ ಬರುತ್ತದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇಂಟರ್ನ್ ದಾರಿ: ಸಹಾಯ ಕಡಿಮೆ, ಸಂಬಳ ಪೂರ್ತಿ

ಡಿಗ್ರಿ ಇದ್ದು, ಓದಿನ ಒತ್ತಡ ತಡೆಯಬಲ್ಲೆ ಎನ್ನುವವರು ಇದನ್ನು ಗಂಭೀರವಾಗಿ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ವಿಷಯಜ್ಞಾನ ಸಾಬೀತು ಮಾಡಿ, 120 ಗಂಟೆಯ ಆರಂಭಿಕ ತರಬೇತಿ ಮುಗಿಸಿದರೆ ಎರಡು ವರ್ಷದ ಇಂಟರ್ನ್ ಕ್ರೆಡೆನ್ಶಿಯಲ್ ಸಿಗುತ್ತದೆ. ಅಂದಿನಿಂದಲೇ ನೀವು ಕ್ಲಾಸಿನ ಟೀಚರ್, ಸಂಬಳವೂ ಟೀಚರ್‌ದೇ. ಕೋರ್ಸು ಸಂಜೆ ಮತ್ತು ವಾರಾಂತ್ಯದಲ್ಲಿ. ಟೆಕ್ಸಸ್‌ನಲ್ಲೂ ಡಿಗ್ರಿ ಇದ್ದವರಿಗೆ ಇಂಥದೇ ಒಂದು ವರ್ಷದ ಇಂಟರ್ನ್‌ಶಿಪ್ ಇದೆ. ಫೀಸು ನಿಮ್ಮದೇ, ಆದರೆ ಏಡ್ ಸಂಬಳಕ್ಕೂ ಟೀಚರ್ ಸಂಬಳಕ್ಕೂ ಇರುವ ಅಂತರದಲ್ಲಿ ಅದು ಹುಟ್ಟಿಕೊಳ್ಳುತ್ತದೆ. ಸ್ಪೆಷಲ್ ಎಜುಕೇಶನ್ ಏಡ್ ಆಗಿದ್ದವರಿಗೆ ಐಇಪಿ (ಒಂದೊಂದು ಮಗುವಿಗೂ ಬೇರೆಯಾಗಿ ಮಾಡುವ ಕಲಿಕೆಯ ಯೋಜನೆ) ಎಂದರೇನು, ಮಗು ಸಿಡಿದಾಗ ಏನು ಮಾಡಬೇಕು ಎಂದೆಲ್ಲ ಮೊದಲೇ ಗೊತ್ತಿರುತ್ತದೆ. ಅವರಿಗೆ ಇದು ಹೊಂದುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ, ಸಹಾಯಕ್ಕೆ ಅತ್ತೆಯೋ ಅಮ್ಮನೋ ಇಲ್ಲದಾಗ, ಈ ಎರಡು ವರ್ಷ ಹಿಂಡಿ ಹಾಕುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಟೀಚ್ ಗ್ರಾಂಟ್: ಗ್ರೀನ್ ಕಾರ್ಡ್ ಇದ್ದವರಿಗೆ, ಕಣ್ಣು ತೆರೆದುಕೊಂಡು

ಕೇಂದ್ರದ ಟೀಚ್ ಗ್ರಾಂಟ್ ವರ್ಷಕ್ಕೆ 4,000 ಡಾಲರ್‌ವರೆಗೆ. ಬದಲಿಗೆ, ಕೋರ್ಸ್ ಮುಗಿದ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ, ಕೊರತೆ ಇರುವ ವಿಷಯದಲ್ಲಿ ಪಾಠ ಮಾಡಬೇಕು. ನಮ್ಮಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಹಳ್ಳಿ ಸೇವೆ ಇರುವ ಹಾಗೆ ಅಂದುಕೊಳ್ಳಿ. ಮಾತು ತಪ್ಪಿದರೆ ಇಡೀ ಹಣ ಸಾಲವಾಗುತ್ತದೆ, ಅದಕ್ಕೆ ಹಣ ಪಡೆದ ದಿನದಿಂದಲೇ ಬಡ್ಡಿ. ಹಿಂದೆ, ಕರಾರಿನಂತೆ ಪಾಠ ಮಾಡುತ್ತಿದ್ದೇನೆ ಎಂಬ ವರ್ಷದ ಕಾಗದ ಸಮಯಕ್ಕೆ ಕಳಿಸಲಿಲ್ಲ ಎಂಬ ಕಾರಣಕ್ಕೇ ಎಷ್ಟೋ ಟೀಚರುಗಳ ಗ್ರಾಂಟ್ ಸಾಲವಾಗಿತ್ತು. 2021ರಲ್ಲಿ ನಿಯಮ ಸಡಿಲವಾಯಿತು.

ಇಲ್ಲಿ ಎಡವುವ ಜಾಗ ಬೇರೆ. ಸ್ಪೆಷಲ್ ಎಜುಕೇಶನ್, ಗಣಿತ, ವಿಜ್ಞಾನ ಆದರೆ ಸರಿ. ಸಾಮಾನ್ಯ ಪ್ರೈಮರಿ ಟೀಚರ್ ಆಗುವವರಿಗೆ ತಮ್ಮ ರಾಜ್ಯದ ಕೊರತೆ ಪಟ್ಟಿಯಲ್ಲಿ ಅದು ಇದ್ದರೆ ಮಾತ್ರ ನಡೆಯುತ್ತದೆ. ಇನ್ನೊಂದು, ನಮ್ಮವರು ಹೆಚ್ಚಾಗಿ ಮನೆ ಮಾಡುವುದು 'ಒಳ್ಳೆ ಸ್ಕೂಲ್ ಡಿಸ್ಟ್ರಿಕ್ಟ್' ನೋಡಿಕೊಂಡು. ಕುಪರ್ಟಿನೊದಂಥ ಅನುಕೂಲಸ್ಥರ ಊರಿನ ಕಡೆ ಬಡ ಮಕ್ಕಳ ಶಾಲೆ ಹುಡುಕುವುದು ಕಷ್ಟ. ದಿನಾ ದೂರದ ಶಾಲೆಗೆ ಡ್ರೈವ್ ಮಾಡಲು ತಯಾರಿದ್ದೀರಾ? ಇಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ. ತಯಾರಿದ್ದರೆ ಇನ್ನೂ ಒಂದು ಲಾಭ ಇದೆ. ಅಂಥ ಶಾಲೆಯಲ್ಲಿ ಸತತ ಐದು ವರ್ಷ ಸ್ಪೆಷಲ್ ಎಜುಕೇಶನ್, ಅಥವಾ ಹೈಸ್ಕೂಲ್ ಗಣಿತ, ವಿಜ್ಞಾನ ಕಲಿಸಿದವರ ಕೇಂದ್ರ ಸಾಲದಲ್ಲಿ 17,500 ಡಾಲರ್‌ವರೆಗೆ ಮನ್ನಾ ಆಗುತ್ತದೆ. ಉಳಿದ ಟೀಚರುಗಳಿಗೆ 5,000.

ಯಾರಿಗೆ ಯಾವುದು

ಎಚ್4 ಇಎಡಿ ಇದ್ದವರಿಗೆ ನನ್ನ ಆಯ್ಕೆ ಇಂಟರ್ನ್ ದಾರಿ, ಜೊತೆಗೆ ಡಿಸ್ಟ್ರಿಕ್ಟ್‌ನ ಚಿಕ್ಕ ಸಹಾಯ. ಕಾರಣ ಕರಾರು. ಎಚ್4ಗೆ ಕೆಲಸದ ಪರವಾನಗಿ ಸಿಗುತ್ತಿರುವುದು 2015ರಿಂದ. ರಿನ್ಯೂವಲ್‌ಗೆ ಹಾಕಿದಾಗ ಹಳೆಯದು ತಾನಾಗಿ ಮುಂದುವರಿಯುವ ಸೌಲಭ್ಯವನ್ನು 2025ರ ಅಕ್ಟೋಬರ್ 30ರಿಂದ ತೆಗೆದುಹಾಕಿದರು. ಕಾರ್ಡ್ ಬರುವುದು ತಡವಾದರೆ ಅಷ್ಟು ದಿನ ಕೆಲಸ ಮಾಡುವ ಹಾಗಿಲ್ಲ. ಹೀಗಿರುವಾಗ ನಾಲ್ಕೈದು ವರ್ಷ ದುಡಿಯುತ್ತೇನೆ ಎಂದು ಬರೆದುಕೊಡುವುದು ನಮ್ಮ ಕೈಯಲ್ಲಿಲ್ಲದ್ದಕ್ಕೆ ಮಾತು ಕೊಟ್ಟ ಹಾಗೆ. ಕ್ಯಾಲಿಫೋರ್ನಿಯಾದ ವರ್ಷಕ್ಕೆ-ವರ್ಷ ಕರಾರು ಪರವಾಗಿಲ್ಲ.

ಗ್ರೀನ್ ಕಾರ್ಡ್ ಬಂದಿದೆ, ಮನೆ ಕೊಂಡಿದ್ದೀರಿ, ಊರು ಬಿಡುವ ಯೋಚನೆ ಇಲ್ಲ ಎಂದರೆ ರೆಸಿಡೆನ್ಸಿ ಅಥವಾ ವಾಷಿಂಗ್ಟನ್ನಿನ ರೂಟ್ 2 ಚೆನ್ನ. ಬ್ಯಾಚುಲರ್ಸ್ ಪೂರ್ತಿಯಾಗಿಲ್ಲದವರು, ಪಿಯುಸಿ ಮುಗಿಸಿ ಮದುವೆಯಾಗಿ ಬಂದವರು, ಕಣ್ಣು ಮುಚ್ಚಿ ಅಪ್ರೆಂಟಿಸ್‌ಶಿಪ್ ಹುಡುಕಲಿ. ಸಂಬಳದ ಜೊತೆ ಡಿಗ್ರಿ ಕೊಡುವ ಇಂಥ ದಾರಿ ಅಪರೂಪ.

ಡಬ್ಲ್ಯೂಜಿಯುನಂಥ ಆನ್‌ಲೈನ್ ವಿಶ್ವವಿದ್ಯಾಲಯದ ಬಗ್ಗೆ ಬಹಳ ಜನ ಕೇಳುತ್ತಾರೆ. ಆರು ತಿಂಗಳಿಗೆ ಇಷ್ಟು ಅಂತ ಒಂದೇ ಫೀಸು, ಬೇಗ ಓದಿದಷ್ಟೂ ಉಳಿತಾಯ. ಚೆನ್ನಾಗಿಯೇ ಇದೆ. ಆದರೆ ಓದು ಆನ್‌ಲೈನ್ ಆದರೂ ಸ್ಟೂಡೆಂಟ್ ಟೀಚಿಂಗ್ ಶಾಲೆಯಲ್ಲೇ, ಹಗಲಲ್ಲೇ. ಮತ್ತೆ ಅದೇ ಮೊದಲ ಪ್ರಶ್ನೆ.

ಸಹಿ ಹಾಕುವ ಮುಂಚೆ

ಕರಾರಿನಲ್ಲಿ ಮೂರು ಸಾಲು ಹುಡುಕಿ. ಕೆಲಸದ ಪರವಾನಗಿ ನಿಂತರೆ ಏನು? ಮನೆಯವರಿಗೆ ಬೇರೆ ರಾಜ್ಯದಲ್ಲಿ ಕೆಲಸವಾಗಿ ಹೊರಡಬೇಕಾದರೆ ಏನು? ಡಿಸ್ಟ್ರಿಕ್ಟೇ ನಿಮಗೆ ಟೀಚರ್ ಹುದ್ದೆ ಕೊಡದಿದ್ದರೆ ಏನು? ಮೂರನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ. ಬಾಯಿಮಾತಿನ ಭರವಸೆ ಸಾಲದು, ಎಚ್‌ಆರ್‌ಗೆ ಇಮೇಲ್ ಮಾಡಿ ಉತ್ತರ ಇಟ್ಟುಕೊಳ್ಳಿ. ರಾಜ್ಯ ಬದಲಾದರೆ ಸರ್ಟಿಫಿಕೇಟ್ ಪೂರ್ತಿ ವ್ಯರ್ಥವಾಗುವುದಿಲ್ಲ. ರಾಜ್ಯಗಳ ನಡುವೆ ಒಪ್ಪಂದ ಇದೆ, ಆದರೆ ಹೊಸ ರಾಜ್ಯ ಒಂದೆರಡು ಪರೀಕ್ಷೆ, ಕೋರ್ಸು ಕೇಳಬಹುದು.

ಏಡ್ ಕೆಲಸದ ಹೊತ್ತಿನಲ್ಲೇ ಸ್ಟೂಡೆಂಟ್ ಟೀಚಿಂಗ್ ಎಣಿಸಿಕೊಳ್ಳುತ್ತೀರಾ ಎಂಬುದನ್ನು ಕಾಲೇಜನ್ನೂ ಕೇಳಿ, ಪ್ರಿನ್ಸಿಪಾಲರನ್ನೂ ಕೇಳಿ. ಇಬ್ಬರೂ ಒಪ್ಪಬೇಕು. ಪ್ರಿನ್ಸಿಪಾಲರು ಒಪ್ಪಿದರೆ ಎಚ್‌ಆರ್‌ನವರು ದಾರಿ ಹುಡುಕುತ್ತಾರೆ.

ಇನ್ನು ಊರಿನ ಟ್ರಾನ್ಸ್‌ಕ್ರಿಪ್ಟ್. ಅದು ವಿಶ್ವವಿದ್ಯಾಲಯದಿಂದಲೇ ನೇರವಾಗಿ ಬರಬೇಕು ಎಂದು ತೂಗಿ ನೋಡುವ ಸಂಸ್ಥೆ ಕೇಳಬಹುದು. ಹಳೆಯ ಮಾರ್ಕ್ಸ್ ಕಾರ್ಡ್, ಮದುವೆಯ ನಂತರ ಬದಲಾದ ಹೆಸರು, ಪರೀಕ್ಷಾ ವಿಭಾಗದ ಕೌಂಟರು, ಇದೆಲ್ಲ ತಿಂಗಳುಗಳ ಮಾತು. ಯೋಜನೆಗೆ ಅರ್ಜಿ ಕರೆದ ಮೇಲೆ ಶುರು ಮಾಡಿದರೆ ಆ ವರ್ಷ ತಪ್ಪಿದಂತೆಯೇ. ಊರಲ್ಲಿ ಓಡಾಡಲು ತಮ್ಮನೋ ತಂಗಿಯೋ ಇದ್ದರೆ ಈ ವಾರವೇ ಒಂದು ಒಪ್ಪಿಗೆ ಪತ್ರ ಬರೆದು ಕಳಿಸಿಬಿಡಿ.